ಬಿದ್ದವರ ಲೆಕ್ಕ

2025ರ ಮಾರ್ಚ್‌ನಲ್ಲಿ ಬೆಂಗಳೂರು ಪೊಲೀಸರು ರಿಯಾಲಿಟಿ ಶೋದಿಂದ ಹೆಸರಾಗಿದ್ದ ಇಬ್ಬರನ್ನು ಬಂಧಿಸಿದರು. ಆ ಇಬ್ಬರು ಯಾರಿಗೂ ಹೊಡೆದಿರಲಿಲ್ಲ. ಮಚ್ಚು ಹಿಡಿದು ಒಂದು ರೀಲ್ಸ್ ಮಾಡಿ ಹಾಕಿದ್ದರು, ಅಷ್ಟೇ. ತೆರೆಯ ಮೇಲೆ ಹಿಡಿದರೆ ಶಿಳ್ಳೆ, ಬೀದಿಯಲ್ಲಿ ಹಿಡಿದರೆ ಕೇಸು. ಈ ವ್ಯತ್ಯಾಸ ದೊಡ್ಡವರಿಗೇ ಮರೆತುಹೋಗುವುದಾದರೆ, ಆ ರೀಲ್ಸ್‌ಗೆ ಲೈಕ್ ಒತ್ತುವ ಹೈಸ್ಕೂಲು ಹುಡುಗನ ಗತಿಯೇನು ಎಂಬ ಆತಂಕ ಸಹಜವೇ. ಆದರೂ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಸಿನಿಮಾದಿಂದ ಅವರು ತಂದುಕೊಂಡದ್ದು ಕೊಲೆಯನ್ನಲ್ಲ, ಠೀವಿಯನ್ನು.

ಈ ಠೀವಿಗೆ ಕನ್ನಡದಲ್ಲಿ ಮೂವತ್ತು ವರ್ಷಗಳ ಚರಿತ್ರೆಯಿದೆ. ಉಪೇಂದ್ರ ನಿರ್ದೇಶನದ ‘ಓಂ’ ತೆರೆಕಂಡದ್ದು 1995ರಲ್ಲಿ. ಅರ್ಚಕರ ಮಗನೊಬ್ಬ ರೌಡಿಯಾಗುವ ಕಥೆ, ನಾಯಕ ಶಿವರಾಜ್‌ಕುಮಾರ್, ಜೊತೆಗೆ ಬೆಂಗಳೂರಿನ ಭೂಗತ ಲೋಕದ ಅಸಲಿ ಮುಖಗಳೇ ತೆರೆಯ ಮೇಲಿದ್ದವು. ನೂರಾರು ಸಲ ಮರುಬಿಡುಗಡೆಯಾದರೂ ಆ ಚಿತ್ರಕ್ಕೆ ಜನ ಬರುವುದು ನಿಲ್ಲಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ರೌಡಿಯ ಬದುಕಿನ ಸಂಕಟವೂ ಅದರಲ್ಲಿತ್ತು. ಹಿಂದೆಯೇ ಸಾಲುಗಟ್ಟಿ ಬಂದ ಮಚ್ಚು–ಲಾಂಗಿನ ಚಿತ್ರಗಳಲ್ಲಿ ಹೆಚ್ಚಿನವು ಸಂಕಟವನ್ನು ಅಲ್ಲೇ ಬಿಟ್ಟು ಲಾಂಗನ್ನು ಮಾತ್ರ ಎತ್ತಿಕೊಂಡವು.

ಹಾಗಾದರೆ ನೋಡುವುದರಿಂದ ಮಕ್ಕಳು ಕಲಿಯುತ್ತಾರೆಯೇ? 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಆಲ್ಬರ್ಟ್ ಬಂಡೂರಾ ಮತ್ತು ಸಂಗಡಿಗರು ಶಿಶುವಿಹಾರದ 72 ಮಕ್ಕಳನ್ನು ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಗಾಳಿ ತುಂಬಿದ ‘ಬೋಬೋ’ ಗೊಂಬೆಯನ್ನು ದೊಡ್ಡವರೊಬ್ಬರು ಗುದ್ದುವುದನ್ನು, ಸುತ್ತಿಗೆಯಿಂದ ಬಡಿಯುವುದನ್ನು ಕಂಡ ಮಕ್ಕಳು ತಾವೂ ಹಾಗೆಯೇ ಮಾಡಿದರು. ಈ ಭಾಗವನ್ನು ಎಲ್ಲರೂ ಉದ್ಧರಿಸುತ್ತಾರೆ. 1965ರ ಮುಂದುವರಿಕೆ ಇದಕ್ಕಿಂತ ಕುತೂಹಲದ್ದು. ಆಗ ಬಂಡೂರಾ ಒಂದೇ ಚಿತ್ರಕ್ಕೆ ಮೂರು ಅಂತ್ಯಗಳನ್ನು ಕೊಟ್ಟರು: ಒಂದರಲ್ಲಿ ಗೊಂಬೆಗೆ ಹೊಡೆದವನಿಗೆ ಬಹುಮಾನ, ಇನ್ನೊಂದರಲ್ಲಿ ಶಿಕ್ಷೆ, ಮೂರನೆಯದರಲ್ಲಿ ಎರಡೂ ಇಲ್ಲ. ಶಿಕ್ಷೆಯನ್ನು ಕಂಡ ಮಕ್ಕಳು ಕಡಿಮೆ ಹೊಡೆದರು. ಪಾಠ ತಲೆಗೆ ಹತ್ತಿತು ಅನ್ನಿ. ಆಮೇಲೆ, ಚಿತ್ರದಲ್ಲಿ ಕಂಡದ್ದನ್ನು ಮಾಡಿ ತೋರಿಸಿದರೆ ಸ್ಟಿಕ್ಕರು, ಹಣ್ಣಿನ ರಸ ಕೊಡುವುದಾಗಿ ಹೇಳಿದರು. ಅಷ್ಟು ಹೊತ್ತು ಸುಮ್ಮನಿದ್ದ ಮಕ್ಕಳೂ ಉಳಿದವರಷ್ಟೇ ಮಾಡಿ ತೋರಿಸಿದರು! ಕಲಿತದ್ದು ಒಳಗೆ ಇದ್ದೇ ಇತ್ತು. ಹೊರಗೆ ಬರಲು ಒಂದು ನೆಪ ಬೇಕಿತ್ತು. ಇವತ್ತಿನ ಫೋನಿನಲ್ಲಿ ಲೈಕು, ಫಾಲೋವರ್ ಎಂಬ ಸ್ಟಿಕ್ಕರುಗಳಿಗೆ ಬರವಿಲ್ಲ.

ಗೊಂಬೆ ಇರುವುದೇ ಗುದ್ದಿಸಿಕೊಳ್ಳಲು ಎಂದು ಆಗಲೇ ಆಕ್ಷೇಪ ಬಂದಿತ್ತು. ಅದರಲ್ಲಿ ಹುರುಳಿಲ್ಲದಿಲ್ಲ. ಮಕ್ಕಳಿಗೆ ಹಿಂಸಾತ್ಮಕ ವಿಡಿಯೊ ಗೇಮ್ ಮಾರುವುದನ್ನು ತಡೆಯಲು ಕ್ಯಾಲಿಫೋರ್ನಿಯಾ ತಂದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ ತಳ್ಳಿಹಾಕಿತು. ಅಪಾಯವಿದೆಯೆಂದು ತೋರಿಸುವ ಪುರಾವೆ ಸಾಲದು ಎಂದಿತು. 2019ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ಸುಮಾರು ಸಾವಿರ ಬ್ರಿಟಿಷ್ ಹದಿಹರೆಯದವರನ್ನು ಅಧ್ಯಯನ ಮಾಡಿದಾಗ ಅಂಥ ಆಟಗಳಿಗೂ ಅವರ ಆಕ್ರಮಣಶೀಲತೆಗೂ ನಂಟು ಸಿಗಲಿಲ್ಲ. ರಕ್ತಸಿಕ್ತ ಕಾಮಿಕ್ಸು, ಗೇಮುಗಳ ತವರಾದ ಜಪಾನಿನಲ್ಲಿ ಕೊಲೆಗಳು ತೀರಾ ಕಡಿಮೆ. ‘ಸಿನಿಮಾ ನೋಡಿ ಕೊಂದ’ ಎಂಬ ತಲೆಬರಹ ಸುದ್ದಿವಾಹಿನಿಗೆ ಅಗ್ಗದಲ್ಲಿ ಸಿಗುವ ವಿವರಣೆ. ಶಾಲೆ ಬಿಟ್ಟ ಹುಡುಗ, ಕುಡಿದು ಹೊಡೆಯುವ ಅಪ್ಪ, ಕೆಲಸಕ್ಕೆ ಬದಲು ಕತ್ತಿ ಕೊಡುವ ಏರಿಯಾದ ‘ಅಣ್ಣ’, ಇವರ ಬಗ್ಗೆ ಬರೆಯಲು ಹೊರಟರೆ ತಲೆಬರಹ ಉದ್ದವಾಗುತ್ತದೆ.

ಇಷ್ಟಾದ ಮೇಲೆ ಸಿನಿಮಾದವರು ಕೈ ತೊಳೆದುಕೊಳ್ಳಬಹುದೇ? ಹಿಂಸೆ ಎಷ್ಟಿದೆ ಎಂದು ಅಳೆಯುವ ಬದಲು, ಹಿಂಸೆಯ ನಂತರ ಏನಿದೆ ಎಂದು ಕೇಳಿದರೆ ಅದು ಕಷ್ಟ. ಅಮೆರಿಕದ ಟಿವಿಯನ್ನು ಪರಿಶೀಲಿಸಿದ ಒಂದು ದೊಡ್ಡ ಅಧ್ಯಯನ 1996ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಹಿಂಸೆಯ ದೃಶ್ಯಗಳಲ್ಲಿ ನೂರಕ್ಕೆ 73ರಲ್ಲಿ ಹೊಡೆದವನಿಗೆ ಶಿಕ್ಷೆಯಿಲ್ಲ, ಅರ್ಧಕ್ಕಿಂತ ಹೆಚ್ಚು ಹೊಡೆತಗಳಲ್ಲಿ ತಿಂದವನಿಗೆ ನೋವಾದದ್ದೇ ಕಾಣುವುದಿಲ್ಲ. ಟಿವಿಯ ಹಿಂಸೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜಾರ್ಜ್ ಗರ್ಬ್ನರ್ ಇದನ್ನು ಸುಖದ ಹಿಂಸೆ ಎಂದು ಕರೆದರು: ಚುರುಕು, ಚೆಂದ, ನೋವಿಲ್ಲ. ಇದನ್ನು ಹೆಚ್ಚು ನೋಡುವವರು ಕ್ರೂರಿಗಳಾಗುವುದಕ್ಕಿಂತ ಜಗತ್ತೇ ಕ್ರೂರವೆಂದು ನಂಬುವುದು ಹೆಚ್ಚು ಎಂಬುದು ಅವರ ವಾದ. ಹಾಗೆ ನಂಬಿದ ಹದಿನಾರರ ಹುಡುಗನಿಗೆ ಬ್ಯಾಗಿನಲ್ಲಿ ಚಾಕು ಇಟ್ಟುಕೊಳ್ಳುವುದು ಮುಂಜಾಗ್ರತೆಯಾಗಿ ಕಂಡೀತು.

ನಮ್ಮ ಸೆನ್ಸಾರಿನ ವಿಪರ್ಯಾಸ ಇಲ್ಲೇ ಇದೆ. 2024ರ ನಿಯಮಗಳ ಪ್ರಕಾರ ಯುಎ ಪ್ರಮಾಣಪತ್ರವೀಗ 7+, 13+, 16+ ಎಂದು ಮೂರು ಹೋಳಾಗಿದೆ. ಒಳ್ಳೆಯದೇ. ಆದರೆ ಕತ್ತರಿಯ ಕಣ್ಣು ಮೊದಲು ಬೀಳುವುದು ರಕ್ತದ ಮೇಲೆ. ರಕ್ತ ತೆಗೆದರೆ ಉಳಿಯುವುದು ರಕ್ತವಿಲ್ಲದ ಕೊಲೆ. ಇಂಟರ್‌ವಲ್ ಫೈಟಿನಲ್ಲಿ ಐವತ್ತು ಜನ ಗಾಳಿಯಲ್ಲಿ ಹಾರಿ ಬೀಳುತ್ತಾರೆ, ಯಾರ ಮೈಯಿಂದಲೂ ಹನಿ ಸುರಿಯುವುದಿಲ್ಲ, ಯಾರ ಮನೆಯಲ್ಲೂ ಸೂತಕವಿಲ್ಲ, ಮಕ್ಕಳು ಪಾಪ್‌ಕಾರ್ನ್ ತಿನ್ನುತ್ತ ನೋಡುತ್ತಾರೆ. ಒಂದೇ ಒಂದು ಸಾವನ್ನು ಸಾವಿನ ಹಾಗೆ ತೋರಿಸಿದ ಚಿತ್ರಕ್ಕೆ ಮಾತ್ರ ‘ಎ’ ಮುದ್ರೆ ಬೀಳುತ್ತದೆ.

ಹಳೆಯ ಕಾವ್ಯಗಳು ಸೌಮ್ಯವಾಗಿದ್ದವು ಎಂದು ಯಾರೂ ಹೇಳುವಂತಿಲ್ಲ. ಹತ್ತನೆಯ ಶತಮಾನದ ರನ್ನನ ‘ಗದಾಯುದ್ಧ’ದ ಹೂರಣವೇ ತೊಡೆ ಮುರಿಯುವ ಪ್ರತಿಜ್ಞೆ. ಅದರಲ್ಲೂ ಕವಿ ದುರ್ಯೋಧನನನ್ನು ನೇರ ಗದೆಯ ಬಳಿಗೆ ಕರೆದೊಯ್ಯುವುದಿಲ್ಲ. ಹೆಣಗಳ ನಡುವೆ ಕಾಲೆಳೆದುಕೊಂಡು ನಡೆಸುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಮುಂದೆಯೂ ನಿಲ್ಲಿಸುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ! ಆ ಹುಡುಗನ ಸಾಹಸಕ್ಕೆ ದುರ್ಯೋಧನ ತಲೆಬಾಗುತ್ತಾನೆ. ಕಥೆ ಅಷ್ಟು ಹೊತ್ತು ಮುಂದೆ ಹೋಗುವುದಿಲ್ಲ. ಬಿದ್ದವರ ಲೆಕ್ಕ ಇಡುವುದು ಎಂದರೆ ಇದು.

ಮಸಾಲೆ ಚಿತ್ರದ ಫೈಟರಿಗೆ ಅಂಥ ನಿಲುಗಡೆ ಎಲ್ಲಿಂದ ಬರಬೇಕು? ಅವನಿಗೆ ಪಾತ್ರವೇ ಇಲ್ಲ, ‘ಕಟ್’ ಎಂದೊಡನೆ ಎದ್ದು ಮೈ ಕೊಡವಿಕೊಂಡು ಚಹಾಕ್ಕೆ ಹೋಗುತ್ತಾನೆ. 2016ರ ನವೆಂಬರ್ 7ರಂದು ಹಾಗಾಗಲಿಲ್ಲ. ‘ಮಾಸ್ತಿಗುಡಿ’ ಚಿತ್ರದ ಕ್ಲೈಮ್ಯಾಕ್ಸ್‌ಗಾಗಿ ತಿಪ್ಪಗೊಂಡನಹಳ್ಳಿ ಜಲಾಶಯದ ಮೇಲೆ ಹಾರುತ್ತಿದ್ದ ಹೆಲಿಕಾಪ್ಟರಿನಿಂದ ನಾಯಕನೊಂದಿಗೆ ಇಬ್ಬರು ಖಳನಟರು ನೀರಿಗೆ ಹಾರಿದರು. ನಾಯಕ ದಡ ಸೇರಿದ. ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ಶವಗಳಿಗಾಗಿ ದಿನಗಟ್ಟಲೆ ಹುಡುಕಬೇಕಾಯಿತು. ಅವರು ಹಾರುವ ಆ ಕೆಲವು ಕ್ಷಣಗಳನ್ನು ಟಿವಿ ವಾಹಿನಿಗಳು ಮತ್ತೆ ಮತ್ತೆ ತಿರುಗಿಸಿ ತೋರಿಸುತ್ತಲೇ ಇದ್ದವು, ಸಿನಿಮಾದ ಟ್ರೇಲರಿನ ಹಾಗೆ.