ಮಡಿಲೊಂದೇ ಸಾಕೇ?

ಮಗುವಿಗೆ ತಾಯಿಯ ಮಡಿಲಿಗಿಂತ ಸುರಕ್ಷಿತವಾದ ತಾಣ ಈ ಲೋಕದಲ್ಲಿ ಇನ್ನೊಂದಿಲ್ಲವೆಂದು ನಾವು ನಂಬಿದ್ದೇವೆ. ಆ ನಂಬಿಕೆ ಸುಳ್ಳೇನೂ ಅಲ್ಲ. ಆದರೆ ಅದೇ ತಾಯಿ ಕಂದನನ್ನು ಮಡಿಲಲ್ಲಿರಿಸಿಕೊಂಡು ಕಾರಿನ ಮುಂದಿನ ಸೀಟಿನಲ್ಲಿ ಕುಳಿತಾಗಲೂ ಈ ಮಾತು ನಿಜವಾಗಿ ಉಳಿಯುತ್ತದೆಯೇ? ಪ್ರಿಯ ಓದುಗರೇ, ಇದು ಸಂಚಾರ ನಿಯಮದ ಪ್ರಶ್ನೆಯಂತೆ ತೋರಬಹುದು. ಆದರೆ ಇದರ ಆಳದಲ್ಲಿರುವುದು ಪ್ರೀತಿ ಮತ್ತು ಹೊಣೆಗಾರಿಕೆಯ ಪ್ರಶ್ನೆ.

ಮಂಡ್ಯ ಜಿಲ್ಲೆಯ ನಮ್ಮ ನಾಲ್ಕು ತಾಲ್ಲೂಕುಗಳನ್ನೇ ನೋಡಿ. ಬೆಂಗಳೂರು-ಮೈಸೂರು ಹೆದ್ದಾರಿಯು 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡು ಶ್ರೀರಂಗಪಟ್ಟಣದ ಮಗ್ಗುಲಲ್ಲೇ ಹಾದುಹೋಗಿದೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸಿನ ಮೂಲಕ ಮಂಗಳೂರಿನ ಹೆದ್ದಾರಿ ಸಾಗುತ್ತದೆ. ಪಾಂಡವಪುರದಿಂದ ಮೇಲುಕೋಟೆಗೋ, ಕೆ.ಆರ್. ಪೇಟೆಯಿಂದ ನೆಂಟರ ಮದುವೆಗೋ ಹೊರಟ ಐದು ಆಸನದ ಕಾರಿನಲ್ಲಿ ಎಂಟು ಮಂದಿ ಕುಳಿತಿರುವುದು ಅಪರೂಪವಲ್ಲ. ರಸ್ತೆ ಬದಲಾಗಿದೆ, ವೇಗ ಬದಲಾಗಿದೆ. ನಾವು ಕುಳಿತುಕೊಳ್ಳುವ ರೀತಿ ಮಾತ್ರ ಎತ್ತಿನ ಗಾಡಿಯ ಕಾಲದ್ದೇ ಆಗಿ ಉಳಿದಿದೆ. ಗಾಡಿಯಲ್ಲಿ ಮಡಿಲು ಸಾಕಾಗಿತ್ತು. ಕಾರಿನಲ್ಲಿ ಸಾಲದು.

ಏಕೆಂಬುದನ್ನು ಲೆಕ್ಕ ಹಾಕಿ ನೋಡೋಣ. ಗಂಟೆಗೆ 50 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಮುಂದೆ ಹೋಗುತ್ತಿರುತ್ತದೆ. ಅದು ಢಿಕ್ಕಿ ಹೊಡೆದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತೆನ್ನಿ. ಆಗ 10 ಕಿಲೋ ತೂಕದ ಮಗುವನ್ನು ತಡೆದು ಹಿಡಿಯಲು 140 ಕಿಲೋ ಭಾರ ಹೊರುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೆ ಆ ಶಕ್ತಿ ಇದೆ? ಆಕೆ ಬೆಲ್ಟ್ ಧರಿಸದಿದ್ದರಂತೂ ಆಕೆಯ ದೇಹವೇ ಮಗುವಿನ ಮೇಲೆ ಅಪ್ಪಳಿಸುತ್ತದೆ. ಇಲ್ಲಿ ಸೋಲುವುದು ಆಕೆಯ ಪ್ರೀತಿಯಲ್ಲ, ಆಕೆಯ ತೋಳು. ತೋಳಿಗೆ ಆಗದ್ದನ್ನು ಒಂದು ಪಟ್ಟಿ ಮಾಡಬಲ್ಲುದೆಂದು ತಿಳಿದ ಮೇಲೂ ಅದನ್ನು ಬಳಸದಿದ್ದರೆ ಆ ಪ್ರೀತಿ ಪೂರ್ಣವಾದೀತೇ?

“ನನ್ನ ಜೀವ, ನನ್ನ ಇಷ್ಟ” ಎನ್ನುವವರಿದ್ದಾರೆ. ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕುಳಿತವರು ಅಪಘಾತದ ಕ್ಷಣದಲ್ಲಿ ಮುಂದಿನವರ ಬೆನ್ನಿಗೆ ಬಂಡೆಯಂತೆ ಬಂದು ಬಡಿಯುತ್ತಾರೆ. ಒಂದೇ ಕಾರಿನಲ್ಲಿ ಕುಳಿತವರ ಜೀವಗಳು ಹೀಗೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರಿದ್ದ ಕಾರು ಅಪಘಾತಕ್ಕೀಡಾಯಿತು. ಹಿಂದಿನ ಸೀಟಿನಲ್ಲಿದ್ದ ಅವರು ಮತ್ತು ಇನ್ನೊಬ್ಬರು ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದರು, ಇಬ್ಬರೂ ಉಳಿಯಲಿಲ್ಲ. ಬೆಲೆಬಾಳುವ ಕಾರಾಗಲಿ, ಹಿಂದಿನ ಆಸನವಾಗಲಿ ಬೆಲ್ಟಿಗೆ ಬದಲಿಯಲ್ಲವೆಂಬುದನ್ನು ದೇಶವೇ ಅಂದು ಕಂಡಿತು.

ನಮ್ಮ ನಾಲೆಯ ನಾಡಿನಲ್ಲಿ ಇನ್ನೊಂದು ಆಕ್ಷೇಪವಿದೆ: “ಕಾರು ನೀರಿಗೆ ಬಿದ್ದರೆ ಬೆಲ್ಟೇ ಉರುಳಾಗುವುದಿಲ್ಲವೇ?” ಇದನ್ನು ಮೂಢ ಭಯವೆಂದು ತಳ್ಳಿಹಾಕುವಂತಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಜಲಸಮಾಧಿಯಾದರು. ಶಾಲೆಯಿಂದ ಮರಳುತ್ತಿದ್ದ ಮಕ್ಕಳೂ ಅವರಲ್ಲಿದ್ದರು. 2023ರಲ್ಲಿ ಕಾರುಗಳೂ ಅದೇ ನಾಲೆಗೆ ಬಿದ್ದವು. ಈ ಭಯ ಹುಟ್ಟಿರುವುದು ದುಃಖದಿಂದ. ಆದರೆ ಯೋಚಿಸಿ: ನೀರಿಗೆ ಬೀಳುವ ಹೊಡೆತಕ್ಕೆ ತಲೆ ಬಡಿದು ಪ್ರಜ್ಞೆ ತಪ್ಪಿದವನು ಕಿಟಕಿ ತೆರೆಯಬಲ್ಲನೇ? ಬೆಲ್ಟು ಆ ಹೊಡೆತದಿಂದ ಕಾಪಾಡಿ ಎಚ್ಚರವನ್ನು ಉಳಿಸಿಕೊಡುತ್ತದೆ. ಎಚ್ಚರವಿದ್ದವನು ಗುಂಡಿಯೊತ್ತಿ ಬೆಲ್ಟು ಬಿಚ್ಚಿ, ಕಿಟಕಿ ತೆರೆದು, ಮಕ್ಕಳನ್ನು ಮೊದಲು ಹೊರಕ್ಕೆ ದಾಟಿಸಬಲ್ಲ. ಹಾಗೆಂದು ನಾಲೆಯ ಏರಿಗೆ ತಡೆಗೋಡೆ ಕಟ್ಟುವ ಸರ್ಕಾರದ ಕರ್ತವ್ಯಕ್ಕೆ ನಮ್ಮ ಬೆಲ್ಟು ವಿನಾಯಿತಿ ಕೊಡುವುದಿಲ್ಲ. ಎರಡೂ ಬೇಕು.

“ಹಣೆಯಲ್ಲಿ ಬರೆದದ್ದು ತಪ್ಪದು, ದೇವರು ಕಾಯುತ್ತಾನೆ” ಎಂಬ ಮಾತೂ ಉಂಟು. ದೇವಾಲಯದ ಶಿಖರದಿಂದ ಧುಮುಕೆಂಬ ಶೋಧನೆಯನ್ನು ಯೇಸುಸ್ವಾಮಿ ತಿರಸ್ಕರಿಸಿದ ಪ್ರಸಂಗವನ್ನು ನೆನೆಯಿರಿ. ದೇವರಲ್ಲಿ ಭರವಸೆಯಿಡುವುದು ಬೇರೆ, ದೇವರನ್ನು ಪರೀಕ್ಷೆಗೊಡ್ಡುವುದು ಬೇರೆ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಸೇವೆ ಸಲ್ಲಿಸಿದ ಫ್ರೆಂಚ್ ಗುರು ಅಬ್ಬೆ ದುಬೋಯ್ ಈ ಭೇದವನ್ನು ಅರಿತಿದ್ದರು. ಜನರಿಗೆ ಸಿಡುಬಿನಿಂದ ಬಿಡುಗಡೆ ಸಿಗಲೆಂದು ಅವರು ಪ್ರಾರ್ಥನೆಯೊಂದನ್ನೇ ನೆಚ್ಚಿ ಕೂರಲಿಲ್ಲ. 1803-04ರಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿದರು. ಆರೋಗ್ಯವಾಗಿರುವ ಮಗುವಿಗೆ ಚುಚ್ಚಿ ಅಳಿಸುವುದು ಅಂದು ಎಷ್ಟು ತಾಯಂದಿರಿಗೆ ಕ್ರೌರ್ಯವಾಗಿ ಕಂಡಿರಬಹುದು! ಬಾರದ ಆಪತ್ತಿಗಾಗಿ ಇಂದಿನ ಅಳುವನ್ನು ಸಹಿಸುವುದೇ ಮುಂಜಾಗ್ರತೆಯ ತಿರುಳು. ಸೀಟಿಗೆ ಕಟ್ಟಿದಾಗ ಅಳುವ ಮಗುವಿನ ವಿಷಯವೂ ಇದೇ.

ಇನ್ನು ಆಚರಣೆಯ ಮಾತು. ಎಳೆಗೂಸುಗಳಿಗೆ ಕಾರಿನ ಹಿಂಭಾಗಕ್ಕೆ ಮುಖ ಮಾಡಿರುವ ಮಕ್ಕಳ ಸೀಟು ಬೇಕು. ಏರ್‌ಬ್ಯಾಗ್ ಇರುವ ಮುಂದಿನ ಆಸನದಲ್ಲಿ ಅದನ್ನು ಎಂದಿಗೂ ಇಡಬಾರದು. ಬೆಳೆದ ಮಕ್ಕಳಿಗೆ, ದೊಡ್ಡವರ ಬೆಲ್ಟು ಸರಿಯಾಗಿ ಹೊಂದುವಷ್ಟು ಎತ್ತರ ಬರುವ ತನಕ, ಕೆಳಗೆ ಎತ್ತರಿಸುವ ಸೀಟು ಇರಲಿ. ಬೆಲ್ಟಿನ ಮೇಲ್ಪಟ್ಟಿ ಹೆಗಲ ನಡುವೆಯೂ ಕೆಳಪಟ್ಟಿ ಸೊಂಟದ ಮೂಳೆಯ ಮೇಲೂ ಕೂರಬೇಕು. ಗರ್ಭಿಣಿಯರಲ್ಲಿ ಹೊಟ್ಟೆಯ ಕೆಳಗೆ. ಮಕ್ಕಳ ಸೀಟಿನಿಂದ ಎಳೆಗೂಸುಗಳ ಸಾವು ಶೇಕಡಾ 71ರಷ್ಟು ತಗ್ಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194-ಬಿ ಕಲಮಿನಂತೆ, 14 ವರ್ಷದೊಳಗಿನ ಮಗುವನ್ನು ಹೀಗೆ ಭದ್ರಪಡಿಸದೆ ವಾಹನ ಓಡಿಸುವವರಿಗೆ 1,000 ರೂಪಾಯಿ ದಂಡವಿದೆ. ಮಕ್ಕಳ ಸೀಟು ಕೊಳ್ಳುವುದು ಎಲ್ಲರಿಗೂ ಸುಲಭವಲ್ಲ, ನಿಜ. ಆದರೆ ಮಗು ಬೆಳೆದ ಮನೆಯಿಂದ ಮಗು ಹುಟ್ಟಿದ ಮನೆಗೆ ತೊಟ್ಟಿಲು ಹೋಗುವ ಸಂಪ್ರದಾಯ ನಮ್ಮಲ್ಲಿ ಇದೆಯಲ್ಲ. ಅಪಘಾತಕ್ಕೆ ಸಿಗದ, ಕೆಟ್ಟಿರದ ಸೀಟೂ ಹಾಗೆಯೇ ಕೈ ಬದಲಿಸಬಹುದು.

ಎಲ್ಲಕ್ಕಿಂತ ಕಷ್ಟವಾದದ್ದು ಬಾಯಿಬಿಟ್ಟು ಹೇಳುವುದು. ಹಿಂದೆ ಕುಳಿತ ಹಿರಿಯರಿಗೆ “ಬೆಲ್ಟ್ ಹಾಕಿಕೊಳ್ಳಿ” ಎನ್ನಲು ಮೊಮ್ಮಗನಿಗೆ ಸಂಕೋಚ. ಮಾಲೀಕರಿಗೆ ಹೇಳಲು ಚಾಲಕನಿಗೆ ಅಂಜಿಕೆ. ಎಂಟನೆಯವರನ್ನು ಇಳಿಸಲು ಮನೆಯವರಿಗೆ ದಾಕ್ಷಿಣ್ಯ. ಈ ದಾಕ್ಷಿಣ್ಯವನ್ನು ನಾವು ಗೌರವವೆಂದು ಕರೆಯುತ್ತೇವೆ. ಹಿರಿಯರೇ, ಅದನ್ನು ಮುರಿಯುವ ಕೆಲಸವನ್ನು ನೀವೇ ಮೊದಲು ಮಾಡಿ. ಕಾರು ಹತ್ತಿದೊಡನೆ ಯಾರೂ ಕೇಳುವ ಮುನ್ನವೇ ನಿಮ್ಮ ಬೆಲ್ಟು ಎಳೆದುಕೊಳ್ಳಿ. ಮಕ್ಕಳು ಉಪದೇಶಕ್ಕಿಂತ ಬೇಗ ಅದನ್ನು ಕಲಿಯುತ್ತಾರೆ. ಮುಂದಿನ ಪಯಣದಲ್ಲಿ ಅವರಲ್ಲೊಬ್ಬರು, “ಅಜ್ಜಿ, ಎಲ್ಲರದ್ದೂ ಆಯಿತಾ?” ಎಂದು ಕೇಳಿದರೆ, ಆ ಪ್ರಶ್ನೆಗೆ ಉತ್ತರ ಸಿಗುವವರೆಗೂ ಕಾರು ಕದಲದಿರಲಿ.