ಒಳಗಿನ ಮನುಷ್ಯನ ವಯಸ್ಸು

2 ಕೊರಿಂಥ 4:16 ತೆಗೀರಿ. ಹೊರಗಿನ ದೇಹ ಸವೀತಾ ಹೋಗುತ್ತೆ, ಒಳಗಿನ ಮನುಷ್ಯ ಮಾತ್ರ ದಿನದಿನ ಹೊಸಬನಾಗ್ತಾನೆ ಅಂತ ಪೌಲ ಅಲ್ಲಿ ಬರೀತಾನೆ. ಸವೆಯೋದನ್ನ ಅವನು ಮುಚ್ಚಿಡಲಿಲ್ಲ. ನಮಗೆ ಇಪ್ಪತ್ತಾರಕ್ಕೇ ಅದರ ಭಯ!

ಯೂತ್ ಮೀಟಿಂಗ್ ಆದ್ಮೇಲೆ ಒಬ್ಬ ತಂಗಿ ಕೇಳಿದಳು, "ಪಾಸ್ಟರ್, ಪೆಪ್ಟೈಡ್ ಸೀರಮ್ ಹಚ್ಚೋದು ಪಾಪಾನಾ?" ಇಲ್ಲಮ್ಮಾ. ಎಸ್ತೇರಳು ಆರು ತಿಂಗಳು ರಕ್ತಬೋಳದ ಎಣ್ಣೆ, ಆರು ತಿಂಗಳು ಸುಗಂಧದ್ರವ್ಯ ಹಚ್ಚಿಸಿಕೊಂಡಳು. ದೇವರು ಅವಳನ್ನ ಬೈಯಲಿಲ್ಲ.

ಪೆಪ್ಟೈಡ್ ಅಂದ್ರೆ ಅಮೈನೊ ಆಮ್ಲಗಳ ಚಿಕ್ಕ ಸರಪಳಿ. ಮ್ಯಾಟ್ರಿಕ್ಸಿಲ್ ಅನ್ನೋದು ಕೊಲ್ಯಾಜೆನ್ ಮಾಡು ಅಂತ ಚರ್ಮಕ್ಕೆ ಸೂಚನೆ ಕೊಡೋಕೆ. ಆರ್ಜಿರೆಲಿನ್, ಸುಕ್ಕು ತರೋ ಸ್ನಾಯುವಿನ ಬಿಗಿ ಸಡಿಲಿಸೋಕೆ. ತಾಮ್ರ ಹೊರೋ ಜಿಎಚ್‌ಕೆ ಇದೆಯಲ್ಲ, ಅದನ್ನ 1973ರಲ್ಲಿ ಲೊರೆನ್ ಪಿಕಾರ್ಟ್ ಗುರುತಿಸಿದ್ದು ಮನುಷ್ಯರ ರಕ್ತದಲ್ಲೇ. ನಾವು ಬಾಟಲಿಗೆ ದುಡ್ಡು ಕೊಡೋದಕ್ಕೆ ಮುಂಚೆನೇ ದೇವರು ಒಳಗಿಟ್ಟಿದ್ದ, ಹಲ್ಲೆಲೂಯಾ! ಒಂದೊಂದರ ಕೆಲಸ ಬೇರೆ, ಅದಕ್ಕೇ ಸೇರಿಸಿ ಹಚ್ತಾರೆ. ತಪ್ಪಲ್ಲ. ಆದ್ರೆ ಚರ್ಮ ಗೋಡೆ ಇದ್ದಹಾಗೆ, ಸುಲಭವಾಗಿ ಒಳಗೆ ಬಿಡಲ್ಲ. ಫಲ ಇದ್ರೂ ಸ್ವಲ್ಪವೇ.

ಆ ತಂಗಿಯ ನಿಜವಾದ ಪ್ರಶ್ನೆ ಸೀರಮ್ ಅಲ್ಲ. ಫ್ರಿಜ್ಜಲ್ಲಿ ಇಂಜೆಕ್ಷನ್ ಬಾಟಲಿ ಇತ್ತು. ಜಿಎಚ್‌ಕೆ ಜೊತೆ ಬಿಪಿಸಿ-157, ಟಿಬಿ-500 ಬೆರೆಸಿ "ಗ್ಲೋ" ಅಂತ ಆನ್‌ಲೈನ್‌ನಲ್ಲಿ ಮಾರೋದು. ಇಂಥ ಬಾಟಲಿಗಳ ಮೇಲೆ ಸಾಮಾನ್ಯವಾಗಿ "ಸಂಶೋಧನೆಗೆ ಮಾತ್ರ" ಅಂತ ಬರೆದಿರುತ್ತೆ. ಮೂರನ್ನೂ ಸೇರಿಸಿ ಚುಚ್ಚಿಕೊಂಡ್ರೆ ಚರ್ಮ ಎಳೆಯದಾಗುತ್ತೆ ಅಂತ ಮನುಷ್ಯರ ಮೇಲೆ ದೊಡ್ಡದಾಗಿ ಪರೀಕ್ಷೆ ಮಾಡಿ ಯಾರೂ ತೋರಿಸಿಲ್ಲ. ಲೇಬಲ್ ನೋಡದೆ ಅಡುಗೆ ಎಣ್ಣೆನೂ ತರಲ್ಲ ನಾವು, ಪವಿತ್ರಾತ್ಮನ ಆಲಯಕ್ಕೆ ಸೂಜಿ ಚುಚ್ತೀವಾ?

ಯಾಕಮ್ಮಾ ಅಂದೆ. "ಗಂಡಿನ ಕಡೆಯವರು ವಿಡಿಯೋ ಕಾಲ್ ಮಾಡ್ತಾರೆ ಪಾಸ್ಟರ್, ಫಿಲ್ಟರ್ ಇಲ್ಲದೆ ಕೂರೋಕೆ ಭಯ" ಅಂದಳು. ಪ್ರಿಯರೇ, ಈ ಭಯ ಯಾರು ಕೊಟ್ಟಿದ್ದು? ದಾವೀದನ ಮನೆಯಲ್ಲಿ ಸಮುವೇಲನೂ ಮೊದಲು ಎತ್ತರ, ಮುಖಾನೇ ನೋಡಿದ. ದೇವರು ಅವನನ್ನೇ ತಡೆದ. ಹೆಣ್ಣು ನೋಡೋಕೆ ಹೋಗೋ ಅಣ್ಣಂದಿರೇ, ಈ ಮಾತು ನಿಮಗೂ.

ಚರ್ಮದ ಬಗ್ಗೆ ಗಟ್ಟಿ ಸಾಕ್ಷಿ ಇರೋದು ಸನ್‌ಸ್ಕ್ರೀನಿಗೆ. ಆಸ್ಟ್ರೇಲಿಯಾದಲ್ಲಿ 903 ಜನರನ್ನ ನಾಲ್ಕೂವರೆ ವರ್ಷ ನೋಡಿ 2013ರಲ್ಲಿ ಪ್ರಕಟಿಸಿದ್ರು: ಮನಸ್ಸು ಬಂದಾಗ ಹಚ್ಚಿದವರಿಗಿಂತ ದಿನಾ ಹಚ್ಚಿದವರಲ್ಲಿ ಚರ್ಮ ಮುಪ್ಪಾಗೋದು 24% ಕಡಿಮೆ. ದಿನಾ! ಪೌಲನ ಪದವೂ ಅದೇ. ಬೆಳಿಗ್ಗೆ ಸೀರಮ್ ಒಂದೊಂದಾಗಿ ಹಚ್ಚಿ ಒಣಗೋಕೆ ಹತ್ತು ನಿಮಿಷ ಕಾಯ್ತೀರಲ್ಲ, ಬೈಬಲ್ ಪಕ್ಕದಲ್ಲೇ ಇರಲಿ.

ಫ್ರಿಜ್ಜಲ್ಲಿ ಬಾಟಲಿ ಇಟ್ಟಿರೋರು ನಾಚಿಕೊಳ್ಳಬೇಡಿ. ಚುಚ್ಚಿಕೊಳ್ಳೋದು ನಿಲ್ಲಿಸಿ, ಈ ವಾರವೇ ಚರ್ಮದ ಡಾಕ್ಟರ್ ಹತ್ರ ಹೋಗಿ. ಒಬ್ಬರೇ ಹೋಗೋಕೆ ಭಯ ಆದ್ರೆ ಸಭೆ ಮುಗಿದ ಮೇಲೆ ನಮ್ಮ ಅಕ್ಕಂದಿರಿಗೆ ಹೇಳಿ, ಜೊತೆಗೆ ಬರ್ತಾರೆ. ಈಗ ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.