ದುಡಿಯುವವನ ನೆತ್ತಿಗೆ ನೆರಳು

ಪ್ರವಾದಿ ಮೂಸಾ(ಅ)ರು ಈಜಿಪ್ಟಿನಿಂದ ಪಾರಾಗಿ ಮದ್‌ಯನ್ ತಲಪಿದಾಗ ಅವರ ಕೈ ಬರಿದಾಗಿತ್ತು. ಬಾವಿಯ ಬಳಿ ಇಬ್ಬರು ಯುವತಿಯರ ಜಾನುವಾರುಗಳಿಗೆ ನೀರು ಕುಡಿಸಿಕೊಟ್ಟು, ನೆರಳಿಗೆ ಸರಿದು ತಮ್ಮ ಪ್ರಭುವಿನೊಡನೆ ಬೇಡಿಕೊಂಡರು. ಬಳಿಕ ಆ ಯುವತಿಯರ ತಂದೆ ಅವರನ್ನು ಕರೆಸಿ ಕೆಲಸಕ್ಕಿಟ್ಟುಕೊಂಡರು. ಅವಧಿ ಎಂಟು ವರ್ಷ, ಹತ್ತು ತುಂಬಿಸಿದರೆ ಅದು ಮೂಸಾ(ಅ)ರ ಇಷ್ಟ. ತಾನು ಅವರನ್ನು ಕಷ್ಟಕ್ಕೀಡು ಮಾಡಲು ಬಯಸುವುದಿಲ್ಲವೆಂದೂ ಆ ತಂದೆ ಹೇಳಿದರು. ಪವಿತ್ರ ಕುರ್‌ಆನಿನ 'ಅಲ್ ಕಸಸ್' ಅಧ್ಯಾಯದಲ್ಲಿ ಈ ವೃತ್ತಾಂತವಿದೆ. ಆ ಕರಾರಿನಲ್ಲಿ ಅವಧಿಯಿದೆ, ಪ್ರತಿಫಲವಿದೆ, ಕಷ್ಟ ಕೊಡೆನೆಂಬ ಮಾತೂ ಇದೆ.

ಪ್ರಿಯ ಓದುಗರೇ, ನಾವಿಂದು ಕೆಲಸಗಾರರೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ಆ ಮೂರನೆಯ ಮಾತು ಇದೆಯೇ?

ಭೂಮಿಯ ತಾಪ ಏರುತ್ತಿದೆ. ಫ್ಯಾನಿನ ಕೆಳಗೆ ಕುಳಿತವರಿಗೆ ಅದು ಬರೇ ಸೆಕೆ. ಗಾರೆ ಹೊರುವವನಿಗೆ, ತಳ್ಳುಗಾಡಿಯವನಿಗೆ, ಹೊಲದಲ್ಲಿ ಕಳೆ ಕೀಳುವವಳಿಗೆ ಅದು ಜೀವದ ಪ್ರಶ್ನೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2019ರಲ್ಲಿ ಪ್ರಕಟಿಸಿದ ವರದಿಯೊಂದರ ಅಂದಾಜಿನಂತೆ, 2030ರ ವೇಳೆಗೆ ಜಗತ್ತಿನ ಒಟ್ಟು ದುಡಿಮೆಯ ಗಂಟೆಗಳಲ್ಲಿ ಶೇ. 2.2ರಷ್ಟು ಬಿಸಿಲಿನಿಂದಲೇ ನಷ್ಟವಾಗಲಿದೆ. ಭಾರತದಲ್ಲಿ ಈ ನಷ್ಟ ಶೇ. 5.8. ಅಂದರೆ ಸುಮಾರು 3 ಕೋಟಿ 40 ಲಕ್ಷ ಮಂದಿಯ ಪೂರ್ಣಾವಧಿ ಕೆಲಸಕ್ಕೆ ಸಮ. ಈ ನಷ್ಟದ ಬಹುಪಾಲು ಬೀಳುವುದು ಕೃಷಿ ಮತ್ತು ಕಟ್ಟಡ ಕೆಲಸದವರ ಮೇಲೆ.

ಇಲ್ಲಿ ಪ್ರವಾದಿವರ್ಯರ(ಸ) ಒಂದು ಆದೇಶವನ್ನು ನೆನಪಿಸಿಕೊಳ್ಳೋಣ. ಬಿಸಿಲು ತೀವ್ರವಾದಾಗ ಝುಹರ್ ನಮಾಝನ್ನು ತುಸು ತಂಪಾಗುವ ವರೆಗೆ ಮುಂದೂಡುವಂತೆ ಅವರು ಹೇಳಿರುವುದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಅಲ್ಲಾಹನ ಹಕ್ಕಾದ ನಮಾಝನ್ನೇ ದಾಸರ ದೇಹದ ಮೇಲಿನ ಕರುಣೆಯಿಂದ ತಡಮಾಡಬಹುದಾದರೆ, ನಮ್ಮ ಮನೆಯ ಮಹಡಿಗೆ ಕಾಂಕ್ರೀಟ್ ಹಾಕುವ ಕೆಲಸವನ್ನು ಮಧ್ಯಾಹ್ನದಿಂದ ಬೆಳಗ್ಗಿಗೆ ಸರಿಸಲು ನಮಗೇಕೆ ಸಾಧ್ಯವಿಲ್ಲ?

ಸಾಧ್ಯವಿದೆ ಎಂಬುದಕ್ಕೆ ನಮ್ಮ ಮುಂದೆಯೇ ಉದಾಹರಣೆಗಳಿವೆ. 2025ರ ಎಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ವೇಳೆಯನ್ನು ಕರ್ನಾಟಕ ಸರಕಾರವು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸಿತು. ಸೂರಿನಡಿ ಕೂರುವ ಗುಮಾಸ್ತನಿಗೆ ಈ ರಿಯಾಯಿತಿ ಸಿಕ್ಕಿತು. ಆ ಕಚೇರಿಯ ಮುಂದೆ ರಸ್ತೆಗೆ ಡಾಮರು ಹಾಕುವವನಿಗೆ ಸಿಕ್ಕಿತೇ? ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ದುಡಿಯುವ ಕತಾರಿನಲ್ಲಿ 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರ ವರೆಗೆ ಬೆಳಗ್ಗೆ 10ರಿಂದ ಅಪರಾಹ್ನ 3.30ರ ತನಕ ತೆರೆದ ಬಯಲಿನ ಕೆಲಸಕ್ಕೆ ನಿಷೇಧವಿದೆ. ಅಲ್ಲಿ ದುಡಿಯುವ ನಮ್ಮ ಮಗನಿಗೆ ಈ ನೆರಳು ಸಿಗಲೆಂದು ಹಾರೈಸುವ ನಾವು, ನಮ್ಮ ಅಂಗಳದಲ್ಲಿ ದುಡಿಯುವ ಬೇರೊಬ್ಬರ ಮಗನಿಗೆ ಅದನ್ನು ನಿರಾಕರಿಸಬಹುದೇ?

ಆದರೆ ಬರೇ 'ವಿಶ್ರಮಿಸು' ಎಂದರೆ ಸಾಲದು. ಸಾವಿರ ಬೀಡಿಗೆ ಇಷ್ಟು, ಸಾವಿರ ಇಟ್ಟಿಗೆಗೆ ಇಷ್ಟು ಎಂದು ಕೂಲಿ ಪಡೆಯುವವರಿಗೆ ವಿಶ್ರಾಂತಿಯೆಂದರೆ ಅರ್ಧ ಹೊಟ್ಟೆ. ತಗಡಿನ ಮಾಡಿನಡಿ ಬೀಡಿ ಕಟ್ಟುವ ತಾಯಿ ತಲೆ ಸುತ್ತಿದರೂ ಏಳುವುದಿಲ್ಲ. ಆಕೆಗೆ ಬೇಕಾದುದು ಉಪದೇಶವಲ್ಲ, ಕಳೆದುಹೋದ ಕೂಲಿಗೆ ಆಸರೆ.

ಅದಕ್ಕೂ ಮಾದರಿಯಿದೆ. ಅಶ್‌ಅರೀ ಗೋತ್ರದವರ ಬಳಿ ಆಹಾರ ಕಡಿಮೆಯಾದಾಗ ಎಲ್ಲರೂ ಇದ್ದುದನ್ನು ಒಂದೇ ಬಟ್ಟೆಯಲ್ಲಿ ಕೂಡಿಹಾಕಿ ಸಮನಾಗಿ ಹಂಚಿಕೊಳ್ಳುತ್ತಿದ್ದರು. ಪ್ರವಾದಿವರ್ಯರು(ಸ) ಅವರನ್ನು ತನ್ನವರೆಂದು ಮೆಚ್ಚಿದರು. ಪ್ರತಿ ಜಮಾಅತಿನ ಬೈತುಲ್‌ಮಾಲ್‌ನಲ್ಲಿ ಬೇಸಿಗೆಯ ಎರಡು ತಿಂಗಳಿಗೊಂದು ಪಾಲನ್ನು ತೆಗೆದಿಟ್ಟು, ಅತಿ ಬಿಸಿಲಿನ ದಿನಗಳಲ್ಲಿ ಕೂಲಿ ಕಳಕೊಂಡವರಿಗೆ ತಲಪಿಸಲು ಸಾಧ್ಯವಿಲ್ಲವೇ?

ನೆರವು ಘನತೆಯನ್ನು ಕಸಿಯಬಾರದು. ಬೇಡಲು ಬಂದ ಅನ್ಸಾರಿಯೊಬ್ಬರ ಹೊದಿಕೆ ಮತ್ತು ಬಟ್ಟಲನ್ನು ಪ್ರವಾದಿವರ್ಯರು(ಸ) ಎರಡು ದಿರ್ಹಮಿಗೆ ಹರಾಜು ಹಾಕಿ, ಒಂದರಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ ತರಿಸಿದರು. ಸ್ವತಃ ತನ್ನ ಕೈಯಿಂದಲೇ ಅದಕ್ಕೆ ಹಿಡಿ ಜೋಡಿಸಿದರು. ಸೌದೆ ಕಡಿದು ಮಾರಿದ ಆ ವ್ಯಕ್ತಿ ಹದಿನೈದು ದಿನಗಳ ಬಳಿಕ ಹತ್ತು ದಿರ್ಹಮ್ ಸಂಪಾದಿಸಿ ಮರಳಿದರೆಂದು ಅಬೂ ದಾವೂದ್ ವರದಿ ಮಾಡಿದ್ದಾರೆ. ಇಂದಿನ ಕೊಡಲಿ ಯಾವುದು? ಹಣ್ಣಿನ ಗಾಡಿಗೆ ಗಟ್ಟಿಯಾದ ಮಾಡು. ಬೀಡಿ ಕಟ್ಟುವ, ಬಟ್ಟೆ ಹೊಲಿಯುವ ಮನೆಯ ಛಾವಣಿಗೆ ಬಿಳಿ ಸುಣ್ಣ. ಅದು ಬಿಸಿಲನ್ನು ಹಿಂದೆ ಹೊರಳಿಸಿ ಒಳಗಿನ ತಾಪವನ್ನು ತಗ್ಗಿಸುತ್ತದೆ. ಯುವಕರಿಗೆ ಸೋಲಾರ್ ರಿಪೇರಿಯ ತರಬೇತಿ. ಮಹಿಳೆಯರ ಕೈಗೆ ಸಸಿಮಡಿ. ಊರಿನವರಿಗೆ ಕೆರೆ ಹೂಳೆತ್ತುವ, ಇಂಗುಗುಂಡಿ ತೋಡುವ ಕೆಲಸ. ಇವು ಹೊಟ್ಟೆಯನ್ನೂ ತುಂಬುತ್ತವೆ, ನಾಳಿನ ಬಿಸಿಲನ್ನೂ ಬರವನ್ನೂ ಎದುರಿಸುತ್ತವೆ. ನೆಟ್ಟ ಗಿಡದಿಂದ ಮನುಷ್ಯನೋ ಹಕ್ಕಿಯೋ ತಿಂದರೆ ಅದು ನೆಟ್ಟವನಿಗೆ ಸದಕಾ ಆಗುವುದೆಂದು ನಮಗೆ ಕಲಿಸಲಾಗಿದೆಯಲ್ಲವೇ?

ಸಹೋದರ ಸಹೋದರಿಯರೇ, ಕೆಲಸ ಪೂರ್ತಿ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನ ಅಲ್ಲಾಹನೇ ವಾದಿಯಾಗಿ ನಿಲ್ಲುವನು. ಕೂಲಿ ಕೊಟ್ಟೂ ಆರೋಗ್ಯ ಕಸಿದವನು ತಾನು ಸುರಕ್ಷಿತನೆಂದು ಭಾವಿಸಬಹುದೇ? ಅಳವಿಗೆ ಮೀರಿದ ಕೆಲಸವನ್ನು ಹೊರಿಸಬೇಡಿ, ಹೊರಿಸಿದರೆ ಕೈಜೋಡಿಸಿ ಎಂಬುದು ಪ್ರವಾದಿ ಶಿಕ್ಷಣ.

ಈ ಬೇಸಿಗೆಯಲ್ಲಿ ಮನೆ ಕಟ್ಟಿಸುವವರು, ಅಂಗಡಿ ನಡೆಸುವವರು, ಮಸೀದಿ ಕಟ್ಟಿಸುತ್ತಿರುವ ಕಮಿಟಿಯವರು ಇಷ್ಟನ್ನಾದರೂ ಮಾಡಲಿ: ಮುಂಜಾವಿನಲ್ಲಿ ಕೆಲಸ ಆರಂಭಿಸಲಿ, ನಡುಹಗಲು ನಿಲ್ಲಿಸಲಿ, ಕೂಲಿ ಕಡಿತ ಮಾಡದಿರಲಿ, ನೆರಳು ಮತ್ತು ಕುಡಿಯುವ ನೀರು ಕೈಗೆಟಕುವಲ್ಲಿರಲಿ. ಅಲ್ಲಾಹನ ನೆರಳಿನ ಹೊರತು ಬೇರೆ ನೆರಳಿರದ ದಿನವೊಂದು ಬರಲಿದೆ. ಇಲ್ಲಿ ಇತರರಿಗೆ ನೆರಳಾದವರ ಸಾಲಿನಲ್ಲಿ ಅಂದು ನಮ್ಮನ್ನು ಅವನು ಸೇರಿಸಲಿ. ಆಮೀನ್.